‘ಹೋಪ್‌ಫುಲಿ’: ಭರವಸೆ ಯಾರದು?

(ಕನ್ನಡ ಕೂಟದ ರಾಜ್ಯೋತ್ಸವ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಇಂಗ್ಲಿಷಿನ ಒಂದು ಪದವನ್ನು ಕುರಿತು ಮಾತನಾಡುವುದು ಉಚಿತವೇ ಎಂಬ ಸಂದೇಹ ನಮ್ಮ ಮನಸ್ಸಿನಲ್ಲಿಯೂ ಇತ್ತು. ಕಾರ್ಯದರ್ಶಿಗಳು ದೂರವಾಣಿಯಲ್ಲಿ, ‘ಹೃದ್ರೋಗ, ಮಧುಮೇಹ, ಇಂಥದ್ದೇನಾದರೂ ಮಾತನಾಡಿ ಡಾಕ್ಟ್ರೇ’ ಎಂದಿದ್ದರು. ಆದರೆ ಊಟಕ್ಕೆ ಮುಂಚೆ ಮಧುಮೇಹವನ್ನು ಕುರಿತು ಉಪದೇಶ ಮಾಡಿ, ಒಳಗೆ ಸಿದ್ಧವಾಗಿರುವ ಹೋಳಿಗೆಗೆ ಅವಮಾನ ಮಾಡುವ ಧೈರ್ಯ ನಮಗಾಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಹಳ ವರ್ಷಗಳಿಂದ ನಮ್ಮ ಮನಸ್ಸನ್ನು ಕೊರೆಯುತ್ತಿರುವ ಒಂದು ಸಂಗತಿಯಿದೆ. ಅದನ್ನು ಕನ್ನಡಿಗರ ಮುಂದೆಯೇ ಹೇಳಬೇಕು, ಕನ್ನಡದಲ್ಲಿಯೇ ಹೇಳಬೇಕು. ಆ ಸಂಗತಿಗೆ ಪ್ರವೇಶದ್ವಾರವಾಗಿರುವುದು ‘ಹೋಪ್‌ಫುಲಿ’ ಎಂಬ ಒಂದು ಇಂಗ್ಲಿಷ್ ಕ್ರಿಯಾವಿಶೇಷಣ.

ಈ ಪದವನ್ನು ದಿನಕ್ಕೆ ನಾಲ್ಕು ಬಾರಿಯಾದರೂ ಬಳಸದವರು ಈ ಸಭೆಯಲ್ಲಿ ಇರಲಾರರು. ‘ಕಾರ್ಯಕ್ರಮ ಸರಿಯಾಗಿ ನಾಲ್ಕಕ್ಕೆ ಆರಂಭವಾಗುತ್ತದೆಯೇ?’ ‘ಹೋಪ್‌ಫುಲಿ.’ (ಎಷ್ಟಕ್ಕೆ ಆರಂಭವಾಯಿತೆಂಬುದಕ್ಕೆ ತಾವೇ ಸಾಕ್ಷಿಗಳು.) ‘ಅಪ್ಪಾ, ಡಿಸೆಂಬರಿನಲ್ಲಿ ಅಜ್ಜಿಯ ಮನೆಗೆ ಹೋಗುತ್ತೇವಾ?’ ‘ಹೋಪ್‌ಫುಲಿ, ಪುಟ್ಟಾ.’ ಈ ಉತ್ತರದ ಅರ್ಥ ‘ಇಲ್ಲ’ ಎಂಬುದು ನಮ್ಮ ಮಕ್ಕಳಿಗೆ ಆರು ವರ್ಷ ತುಂಬುವ ಮೊದಲೇ ಗೊತ್ತಾಗಿರುತ್ತದೆ. ಎಷ್ಟೋ ವರ್ಷ ಇಂಗ್ಲಿಷ್ ಓದಿ ಬಂದ ನಮಗೇ ಅದು ತಡವಾಗಿ ಅರ್ಥವಾಯಿತು.

ಮೊದಲು ಪದದ ಶರೀರರಚನೆಯನ್ನು ನೋಡೋಣ. ವೈದ್ಯರ ಅಭ್ಯಾಸ ಅದು. ‘ಹೋಪ್’ ಎಂದರೆ ಭರವಸೆ, ‘ಹೋಪ್‌ಫುಲ್’ ಎಂದರೆ ಭರವಸೆ ತುಂಬಿದ. ಕೊನೆಯ ‘ಲಿ’ ಪ್ರತ್ಯಯದ ಹುಟ್ಟು ಸ್ವಾರಸ್ಯಕರವಾದುದು. ಹಳೆಯ ಇಂಗ್ಲಿಷಿನಲ್ಲಿ ದೇಹ, ಆಕಾರ ಎಂಬ ಅರ್ಥವಿದ್ದ ಒಂದು ಪದವೇ ಸವೆದು ಸವೆದು ಈ ‘ಲಿ’ ಆಗಿ ಉಳಿದಿದೆ. ಅದೇ ಮೂಲದ ‘ಲೈಖೆ’ ಎಂಬ ಪದ ಜರ್ಮನ್ ಭಾಷೆಯಲ್ಲಿ ಇಂದಿಗೂ ಶವ ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಆದ್ದರಿಂದ ‘ಹೋಪ್‌ಫುಲಿ’ ಎಂದರೆ ಮೂಲತಃ ‘ಭರವಸೆ ತುಂಬಿದ ದೇಹಭಾವದಲ್ಲಿ’ ಎಂದು ಹೇಳಬಹುದು. ಹದಿನೇಳನೆಯ ಶತಮಾನದಿಂದ ಈ ಪದ ನಿರ್ವಹಿಸುತ್ತಿದ್ದ ಕೆಲಸ ಅದೇ. ‘ರೋಗಿಯು ಹೋಪ್‌ಫುಲಿ ಕಾಯುತ್ತಿದ್ದನು’ ಎಂದರೆ, ಕಾಯುತ್ತಿದ್ದವನ ಮುಖದಲ್ಲಿ ಭರವಸೆ ಇತ್ತು ಎಂದರ್ಥ. ಭರವಸೆಯ ಒಡೆಯ ಯಾರೆಂಬುದು ಅಲ್ಲಿ ಸ್ಪಷ್ಟ. ಕಾಯುವವನೇ ಭರವಸೆ ಇಟ್ಟವನು.

ಇಪ್ಪತ್ತನೆಯ ಶತಮಾನದಲ್ಲಿ, 1930ರ ದಶಕದ ಅಮೆರಿಕನ್ ಬರಹಗಳಲ್ಲಿ, ಇದೇ ಪದ ಇನ್ನೊಂದು ವೇಷದಲ್ಲಿ ಕಾಣಿಸಿಕೊಂಡಿತು. 1960ರ ದಶಕದ ವೇಳೆಗೆ ಎಲ್ಲರ ನಾಲಗೆಯ ಮೇಲೂ ಅದು ನಲಿಯತೊಡಗಿತು. ‘ಹೋಪ್‌ಫುಲಿ, ನಾಳೆ ಮಳೆ ಬರುವುದಿಲ್ಲ’ ಎಂಬ ವಾಕ್ಯವನ್ನು ನೋಡಿ. ಇಲ್ಲಿ ಭರವಸೆ ಇಟ್ಟವರು ಯಾರು? ಮಳೆಯಂತೂ ಅಲ್ಲ. ನಾಳೆಯೂ ಅಲ್ಲ. ಹೇಳುವವನೇ ಇರಬೇಕು, ಆದರೆ ವಾಕ್ಯದಲ್ಲಿ ಅವನ ಹೆಸರಿಲ್ಲ. ಪದವು ಕ್ರಿಯಾಪದವನ್ನು ಬಿಟ್ಟು ಇಡೀ ವಾಕ್ಯದ ತಲೆಯ ಮೇಲೆ ಪೇಟದಂತೆ ಕುಳಿತಿದೆ.

ಈ ಪೇಟವನ್ನು ಕಂಡು ಅಂದಿನ ಭಾಷಾಪಂಡಿತರು ಕೆರಳಿದರು. ಸ್ಟ್ರಂಕ್ ಮತ್ತು ವೈಟ್ ಅವರ ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ ಎಂಬ ಪ್ರಸಿದ್ಧ ಕೈಪಿಡಿಯ ನಂತರದ ಆವೃತ್ತಿಗಳು ಈ ಪ್ರಯೋಗವನ್ನು ಕಟುವಾಗಿ ಖಂಡಿಸಿದವು. ಪತ್ರಿಕಾ ಕಚೇರಿಗಳಲ್ಲಿ ಸಂಪಾದಕರು ಕೆಂಪು ಲೇಖನಿಯಿಂದ ಅದನ್ನು ಹೊಡೆದುಹಾಕುತ್ತಿದ್ದರು. ಭಾಷಾಶಾಸ್ತ್ರಜ್ಞರಾದರೋ ಮುಗುಳ್ನಕ್ಕು, ‘ಫಾರ್ಚುನೇಟ್ಲಿ, ಫ್ರ್ಯಾಂಕ್ಲಿ, ಮರ್ಸಿಫುಲಿ ಎಂಬ ಪದಗಳೂ ವಾಕ್ಯದ ತಲೆಯ ಮೇಲೆಯೇ ಕುಳಿತಿವೆಯಲ್ಲ; ಅವಕ್ಕಿಲ್ಲದ ಶಿಕ್ಷೆ ಇದೊಂದಕ್ಕೇಕೆ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕಡೆಗೆ 2012ರ ಏಪ್ರಿಲ್ ತಿಂಗಳಲ್ಲಿ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯ ಶೈಲಿ ಕೈಪಿಡಿ ಈ ಪ್ರಯೋಗಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ವ್ಯಾಕರಣದ ವ್ಯಾಜ್ಯ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ಈ ಪ್ರಯೋಗಕ್ಕೆ ಜರ್ಮನ್ ವಲಸೆಗಾರರ ಮಾತಿನ ಪ್ರಭಾವ ಕಾರಣವಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಜರ್ಮನ್ ಭಾಷೆಯಲ್ಲಿ ಈ ಎರಡು ಕೆಲಸಗಳಿಗೆ ಎರಡು ಬೇರೆ ಬೇರೆ ಪದಗಳಿವೆ. ಭರವಸೆ ತುಂಬಿದವನಾಗಿ ಎನ್ನಲು ‘ಹೊಫ್‌ನುಂಗ್ಸ್‌ಫೊಲ್’. ‘ಹಾಗಾದರೆ ಸಾಕಪ್ಪ’ ಎನ್ನಲು ‘ಹೊಫೆಂಟ್ಲಿಶ್’. ನಮ್ಮ ಆಸ್ಪತ್ರೆಗಳಲ್ಲಿ ಸ್ಪ್ಯಾನಿಷ್ ಮಾತನಾಡುವ ರೋಗಿಗಳು ‘ಓಹಲಾ’ ಎನ್ನುವುದನ್ನು ದಿನವೂ ಕೇಳುತ್ತೇವೆ. ಅರಬರು ಸ್ಪೇನ್ ದೇಶವನ್ನಾಳಿದ ಕಾಲದಲ್ಲಿ ‘ದೇವರು ಇಚ್ಛಿಸಿದರೆ’ ಎಂಬ ಅರಬ್ಬೀ ಮಾತಿನಿಂದ ಆ ಪದ ಬಂದಿತು. ನಮ್ಮೂರಿನ ಮುಸ್ಲಿಂ ಬಂಧುಗಳ ‘ಇನ್ಶಾ ಅಲ್ಲಾ’ ಮತ್ತು ಮೆಕ್ಸಿಕೋದ ಅಜ್ಜಿಯ ‘ಓಹಲಾ’ ಒಂದೇ ಮನೆತನದವು. ಇಲ್ಲಿ ಭರವಸೆಯ ಒಡೆತನ ಸ್ಪಷ್ಟವಾಗಿದೆ: ಆಸೆ ನನ್ನದು, ನಿರ್ಧಾರ ದೇವರದು.

ಇನ್ನು ನಮ್ಮ ಕನ್ನಡಕ್ಕೆ ಬರೋಣ. ‘ಹೋಪ್‌ಫುಲಿ’ಗೆ ಕನ್ನಡದಲ್ಲಿ ಏನನ್ನುತ್ತೀರಿ? ನಿಘಂಟನ್ನು ತೆರೆದು ‘ಆಶಾದಾಯಕವಾಗಿ’ ಎನ್ನಬಹುದು. ಆದರೆ ‘ಆಶಾದಾಯಕವಾಗಿ ನಾಳೆ ಬಸ್ಸು ಬರುತ್ತದೆ’ ಎಂದರೆ ಹಾಸನದ ಬಸ್ ನಿಲ್ದಾಣದಲ್ಲಿ ಜನ ನಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ‘ಭರವಸೆಯಿಂದ’ ಎಂದರೂ ಹೊಂದುವುದಿಲ್ಲ. ಸಂಸ್ಕೃತದ ‘ಆಶಾ’ ತದ್ಭವವಾಗಿ ‘ಆಸೆ’ಯಾದ ಮೇಲೆ ಅದಕ್ಕೆ ಬಯಕೆಯ ವಾಸನೆ ಹತ್ತಿದೆ; ‘ಆಸೆಬುರುಕ’ ಎಂದರೆ ಬೈಗುಳವೇ ಸರಿ.

ಹಾಗಾದರೆ ಕನ್ನಡ ಬಡ ಭಾಷೆಯೇ? ಹಾಗೆಂದು ನಾವೂ ಒಂದು ಕಾಲದಲ್ಲಿ ಭಾವಿಸಿದ್ದುಂಟು. ಅದು ತಪ್ಪು. ಕನ್ನಡ ಈ ಕೆಲಸವನ್ನು ಕ್ರಿಯಾವಿಶೇಷಣಕ್ಕೆ ಒಪ್ಪಿಸದೆ ಕ್ರಿಯಾಪದದ ಬಾಲಕ್ಕೆ ಒಪ್ಪಿಸಿದೆ. ಶಾಲೆಯಲ್ಲಿ ಕನ್ನಡ ಪಂಡಿತರು ಬಾಯಿಪಾಠ ಮಾಡಿಸುತ್ತಿದ್ದ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂಬ ರೂಪಗಳನ್ನು ಜ್ಞಾಪಿಸಿಕೊಳ್ಳಿ. ಅಂದು ಪರೀಕ್ಷೆಯ ಎರಡು ಅಂಕಕ್ಕಾಗಿ ಕಲಿತ ಆ ವಿಷಯ ಮುಂದೊಂದು ದಿನ ರೋಗಿಯ ಹಾಸಿಗೆಯ ಪಕ್ಕದಲ್ಲಿ ಬೇಕಾಗುತ್ತದೆಂದು ನಾವೆಣಿಸಿರಲಿಲ್ಲ.

ಒಂದೇ ಧಾತುವನ್ನು ತೆಗೆದುಕೊಳ್ಳೋಣ. ‘ಗುಣವಾಗುತ್ತದೆ’ ಎಂದರೆ ನಿಶ್ಚಯ. ವೈದ್ಯನು ಜವಾಬ್ದಾರಿ ಹೊತ್ತು ಆಡುವ ಮಾತು. ‘ಗುಣವಾಗಬಹುದು’ ಎಂದರೆ ಬಾಗಿಲು ತೆರೆದಿದೆ, ಅಷ್ಟೆ. ‘ಗುಣವಾದೀತು’ ಎಂದರೆ ಹೇಳುವವನು ತೂಗಿ ನೋಡಿದ್ದಾನೆ, ಆ ಕಡೆಗೆ ತಕ್ಕಡಿ ಕೊಂಚ ವಾಲಿದೆ, ಆದರೆ ಪ್ರಮಾಣ ಮಾಡಲಾರ. ‘ಗುಣವಾಗಲಿ’ ಎಂದರೆ ಶುದ್ಧ ಹಾರೈಕೆ. ತಕ್ಕಡಿಯ ಮಾತೇ ಅಲ್ಲಿಲ್ಲ. ನಾಲ್ಕು ಬಾಲಗಳು, ನಾಲ್ಕು ಅರ್ಥಗಳು. ಇಂಗ್ಲಿಷಿನ ‘ಹೋಪ್‌ಫುಲಿ’ ಕೊನೆಯ ಮೂರನ್ನೂ ಒಂದೇ ಚೀಲಕ್ಕೆ ತುಂಬಿ ನಮ್ಮ ಕೈಗೆ ಕೊಡುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಸಂಭಾವನಾರ್ಥಕ ರೂಪ ಒಳ್ಳೆಯದಕ್ಕೆ ಮಾತ್ರ ಮೀಸಲಾಗಿಲ್ಲ. ‘ಬಿದ್ದೀಯೆ, ಜೋಕೆ’ ಎಂದು ತಾಯಿ ಮಗುವಿಗೆ ಹೇಳುವಾಗಲೂ ಬಳಕೆಯಾಗುವುದು ಅದೇ ರೂಪ. ‘ಗುಣವಾದೀತು’ ಎನ್ನುವ ಬಾಯಿ ‘ಮರುಕಳಿಸೀತು’ ಎಂದೂ ಹೇಳಬಲ್ಲುದು. ‘ಹೋಪ್‌ಫುಲಿ’ಗೆ ಆ ಎರಡನೆಯ ಮುಖವಿಲ್ಲ. ಅದು ಭಯವನ್ನು ಮುಚ್ಚಿಟ್ಟು ನಗುಮುಖವನ್ನಷ್ಟೇ ತೋರಿಸುತ್ತದೆ.

ವಾಸ್ತವವಾಗಿ ನಮ್ಮೂರಿನ ವೈದ್ಯರ ‘ಹೋಪ್‌ಫುಲಿ’ ಯಾವುದೆಂದರೆ ‘ನೋಡೋಣ’. ನಾವು ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ, ಕೆ.ಆರ್. ಆಸ್ಪತ್ರೆಯ ವಾರ್ಡುಗಳಲ್ಲಿ ಹಿರಿಯ ವೈದ್ಯರ ಹಿಂದೆ ನಡೆಯುತ್ತ ದಿನಕ್ಕೆ ಎಷ್ಟು ‘ನೋಡೋಣ’ಗಳನ್ನು ಕೇಳಿದ್ದೇವೆಯೋ ಲೆಕ್ಕವಿಲ್ಲ. ಹೆಣ್ಣು ನೋಡಲು ಬಂದವರ ‘ನೋಡೋಣ, ಕಾಗದ ಬರೆಯುತ್ತೇವೆ’ ಎಂಬ ಮಾತಿನಂತೆ, ಸರ್ಕಾರಿ ಕಚೇರಿಯ ‘ನೋಡೋಣ, ಮುಂದಿನ ವಾರ ಬನ್ನಿ’ ಎಂಬ ಮಾತಿನಂತೆ, ಅದೂ ಹಲವು ಸಲ ‘ಇಲ್ಲ’ ಎಂಬುದರ ಸಭ್ಯ ರೂಪವೇ ಆಗಿತ್ತು. ಆದರೂ ಅದರಲ್ಲೊಂದು ಗುಣವಿದೆ. ‘ನೋಡೋಣ’ ಎಂಬ ಪದದಲ್ಲಿ ‘ನಾವು’ ಅಡಗಿದೆ. ನೀವೂ ನೋಡಿ, ನಾನೂ ನೋಡುತ್ತೇನೆ, ಇಬ್ಬರೂ ಕೂಡಿ ನೋಡೋಣ ಎಂಬ ಭಾವ ಅದು. ಕೈಬಿಡುವುದಿಲ್ಲ ಎಂಬ ಆಶ್ವಾಸನೆ ಅದರಲ್ಲಿದೆ.

ಈಗ ನಮ್ಮ ಮನಸ್ಸನ್ನು ಕೊರೆಯುತ್ತಿರುವ ಸಂಗತಿಗೆ ಬರುತ್ತೇವೆ. ಕುಟುಂಬದವರ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇವೆ; ನಮ್ಮ ತಪ್ಪನ್ನು ಮಾತ್ರ ಬದಲಿಸಿಲ್ಲ.

ನಾವು ಈ ದೇಶಕ್ಕೆ ರೆಸಿಡೆನ್ಸಿಗಾಗಿ ಬಂದದ್ದು 1996ರಲ್ಲಿ. ಅದಾಗಿ ಹತ್ತು ವರ್ಷಗಳ ನಂತರ, 2006ರ ಚಳಿಗಾಲದಲ್ಲಿ ಒಂದು ರಾತ್ರಿ ಪರಿಚಯದ ಕನ್ನಡಿಗರೊಬ್ಬರಿಂದ ಕರೆ ಬಂದಿತು. ಮಗಳ ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅವರ ಅತ್ತೆಯವರಿಗೆ ಹೊಟ್ಟೆ ಉಬ್ಬರಿಸಿ ವಾಂತಿಯಾಗುತ್ತಿತ್ತು. ದೊಡ್ಡ ಕರುಳಿನಲ್ಲಿ ಬೆಳೆದ ಗಡ್ಡೆ ದಾರಿಯನ್ನೇ ಮುಚ್ಚಿತ್ತು. ತುರ್ತಾಗಿ ಶಸ್ತ್ರಚಿಕಿತ್ಸೆಯಾಯಿತು. ಮರುದಿನ ಶಸ್ತ್ರವೈದ್ಯರು ಹಾಸಿಗೆಯ ಬಳಿ ಬಂದಾಗ ಮಗಳು ಮನೆಯಲ್ಲಿ ಹಸುಗೂಸಿನೊಡನೆ ಇದ್ದಳು. ಅಳಿಯ ಔಷಧಿಯ ಕಾಗದಪತ್ರಗಳಿಗಾಗಿ ಹೊರಗೆ ಹೋಗಿದ್ದರು. ದುಭಾಷಿಯ ಕೆಲಸ ಸಹಜವಾಗಿಯೇ ನಮ್ಮ ಪಾಲಿಗೆ ಬಂದಿತು. ನಾವು ಆ ಆಸ್ಪತ್ರೆಯ ವೈದ್ಯರಲ್ಲ, ಕೇವಲ ಪರಿಚಿತರು. ಆದರೆ ಆ ತಾಯಿಯ ಕಣ್ಣಿಗೆ ಕನ್ನಡ ಮಾತನಾಡುವ ಡಾಕ್ಟರು.

ಶಸ್ತ್ರವೈದ್ಯರು ಹೇಳಿದ ವಾಕ್ಯ ಚಿಕ್ಕದು: ‘ಹೋಪ್‌ಫುಲಿ, ವಿ ಗಾಟ್ ಇಟ್ ಆಲ್.’

ಆ ತಾಯಿ ನಮ್ಮ ಮುಖವನ್ನೇ ನೋಡುತ್ತಿದ್ದರು. ‘ಏನಂದ್ರಪ್ಪಾ?’ ಎಂದು ಕೇಳಿದರು.

ನಾವೆಂದೆವು: ‘ಎಲ್ಲಾ ತೆಗೆದಿದ್ದಾರಂತೆ ಅಮ್ಮಾ. ಇನ್ನು ಭಯ ಇಲ್ಲ.’

ಅವರು ಎರಡೂ ಕೈ ಎತ್ತಿ ಶಸ್ತ್ರವೈದ್ಯರಿಗೆ ನಮಸ್ಕರಿಸಿದರು. ಅವರೂ ನಕ್ಕು ಹೊರಟುಹೋದರು. ಮೂವರಿಗೂ ಸಂತೋಷವಾಯಿತು. ನಡುವೆ ಒಂದು ಕ್ರಿಯಾವಿಶೇಷಣ ನೆಲಕ್ಕೆ ಬಿದ್ದುದನ್ನು ಗಮನಿಸಬೇಕಾಗಿದ್ದವರು ಒಬ್ಬರೇ. ಅವರೂ ಗಮನಿಸಲಿಲ್ಲ.

ಪ್ರಯೋಗಾಲಯದ ವರದಿಯಲ್ಲಿ ಹಾಲ್ರಸದ ಗಂಟುಗಳಿಗೆ ಕಾಯಿಲೆ ತಗುಲಿರಲಿಲ್ಲ. ಆದರೆ ಕರುಳನ್ನು ಕಟ್ಟಿಹಾಕಿ ಪ್ರಕಟವಾಗುವ ಗಡ್ಡೆ ಮರುಕಳಿಸುವ ಅಪಾಯ ಹೆಚ್ಚು ಎಂಬುದು ತಿಳಿದ ವಿಷಯ. ಕೆಲವು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ವರ್ಷಕ್ಕೊಮ್ಮೆ ಸ್ಕ್ಯಾನ್, ಕರುಳಿನ ದರ್ಶಕ ಪರೀಕ್ಷೆ ಇವೆಲ್ಲ ಆಗಬೇಕೆಂದು ಬರೆದುಕೊಟ್ಟರು. ಕಾಗದಗಳು ಇಂಗ್ಲಿಷಿನಲ್ಲಿದ್ದವು, ಅವು ಅವರ ಸೂಟ್‌ಕೇಸಿನಲ್ಲಿ ಸೀರೆಗಳ ಕೆಳಗೆ ಊರಿಗೆ ಪ್ರಯಾಣ ಮಾಡಿದವು. ಮಗಳು ಪ್ರತಿ ಭಾನುವಾರ ದೂರವಾಣಿಯಲ್ಲಿ ‘ಪರೀಕ್ಷೆ ಮಾಡಿಸಿದೆಯಾ ಅಮ್ಮಾ?’ ಎಂದು ಕೇಳುತ್ತಿದ್ದಳು. ತಾಯಿಯ ಉತ್ತರ ಒಂದೇ: ‘ಎಲ್ಲಾ ತೆಗೆದಾಯ್ತು ಅಂತ ಡಾಕ್ಟ್ರೇ ಹೇಳಿದ್ದಾರೆ. ಸುಮ್ಮನೆ ದುಡ್ಡು ಯಾಕೆ ಖರ್ಚು?’

ಇಪ್ಪತ್ತು ತಿಂಗಳ ನಂತರ ಕಾಯಿಲೆ ಯಕೃತ್ತಿನಲ್ಲಿ ಕಾಣಿಸಿಕೊಂಡಿತು. ಆಗ ಅದು ಶಸ್ತ್ರಚಿಕಿತ್ಸೆಯ ಎಲ್ಲೆಯನ್ನು ಮೀರಿತ್ತು. ನಾವು ದೂರವಾಣಿಯಲ್ಲಿ ಮಾತನಾಡಿಸಿದಾಗ ಆ ತಾಯಿ ಆಡಿದ ಮಾತಿನಲ್ಲಿ ಕೋಪವಿರಲಿಲ್ಲ, ಬರಿಯ ಆಶ್ಚರ್ಯವಿತ್ತು. ‘ಎಲ್ಲಾ ತೆಗೆದ್ರು ಅಂತ ನೀನೇ ಹೇಳಿದ್ಯಲ್ಲಪ್ಪಾ’ ಎಂದರು. ಕೋಪವಿದ್ದಿದ್ದರೆ ಏನಾದರೂ ಸಮಾಧಾನ ಹೇಳಬಹುದಾಗಿತ್ತು. ಆಶ್ಚರ್ಯಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿದ್ದರೆ ಅವರು ಖಂಡಿತ ಉಳಿಯುತ್ತಿದ್ದರೆಂದು ಹೇಳುವಂತಿಲ್ಲ. ಆದರೆ ಯಕೃತ್ತಿಗೆ ಹರಡಿದ ಕಾಯಿಲೆ ಚಿಕ್ಕದಾಗಿರುವಾಗಲೇ ಸಿಕ್ಕರೆ ಅದನ್ನು ಕೊಯ್ದು ತೆಗೆದು, ಹಲವರು ಅನೇಕ ವರ್ಷ ಬದುಕಿರುವುದುಂಟು. ಆ ಅವಕಾಶ ಅವರಿಗೆ ಸಿಗಲಿಲ್ಲ. ಸಿಗದಿರಲು ಹಲವು ಕಾರಣಗಳು. ಅವುಗಳಲ್ಲಿ ಒಂದು ನಮ್ಮ ನಾಲಗೆ.

ನಾವು ಹಾಗೇಕೆ ಹೇಳಿದೆವೆಂದು ಅನೇಕ ಬಾರಿ ನಮ್ಮನ್ನೇ ಕೇಳಿಕೊಂಡಿದ್ದೇವೆ. ಇಂಗ್ಲಿಷ್ ಬಾರದ್ದರಿಂದಲ್ಲ. ಒಂದು ಕಾರಣ, ‘ಹೋಪ್‌ಫುಲಿ’ಗೆ ಸಮನಾದ ಒಂಟಿ ಪದ ಕನ್ನಡದಲ್ಲಿ ತಕ್ಷಣ ದೊರೆಯದಿದ್ದುದು. ಪದ ಸಿಗದಾಗ ಅವಸರದ ಅನುವಾದಕ ಅದನ್ನು ಬಿಟ್ಟೇಬಿಡುತ್ತಾನೆ. ಎರಡನೆಯ ಕಾರಣ ದಯೆ. ಅಥವಾ ದಯೆಯಂತೆ ತೋರುವ ಹೇಡಿತನ. ಬಾಣಂತಿ ಮಗಳ ತಾಯಿಗೆ ಸಂದೇಹದ ಮಾತನ್ನು ಹೇಗೆ ಹೇಳುವುದು? ಮೂರನೆಯದು ಸೂಕ್ಷ್ಮವಾದುದು. ಆ ವಾಕ್ಯದಲ್ಲಿ ಭರವಸೆಯ ಒಡೆಯ ಯಾರೆಂದು ಹೇಳಿರಲಿಲ್ಲ. ಒಡೆಯನಿಲ್ಲದ ಭರವಸೆಯನ್ನು ನಾವು ಶಸ್ತ್ರವೈದ್ಯರ ಲೆಕ್ಕಕ್ಕೆ ಬರೆದುಬಿಟ್ಟೆವು. ಅವರ ಲೆಕ್ಕಕ್ಕೆ ಬಿದ್ದೊಡನೆ ಅದು ನಿಶ್ಚಯವಾಯಿತು.

ಇದು ಒಬ್ಬರ ಹಣೆಬರಹವಲ್ಲ, ನಮ್ಮ ವೃತ್ತಿಯ ದೋಷವೂ ಹೌದು. ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲಮಾಂಟ್ ಎಂಬ ವೈದ್ಯರು ಷಿಕಾಗೋ ನಗರದಲ್ಲಿ ಮಾಡಿದ ಅಧ್ಯಯನವೊಂದು 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅಂತ್ಯಕಾಲದ ಆರೈಕೆಗೆ ಸೇರಿದ 468 ರೋಗಿಗಳು ಇನ್ನೆಷ್ಟು ದಿನ ಬದುಕುವರೆಂದು 343 ವೈದ್ಯರನ್ನು ಕೇಳಿದರು. ಹೆಚ್ಚುಕಡಿಮೆ ಸರಿಯಾದ ಉತ್ತರ ಬಂದದ್ದು ನೂರಕ್ಕೆ 20 ಪ್ರಕರಣಗಳಲ್ಲಿ ಮಾತ್ರ. ನೂರಕ್ಕೆ 63ರಲ್ಲಿ ವೈದ್ಯರು ವಾಸ್ತವಕ್ಕಿಂತ ಹೆಚ್ಚಿನ ಆಯುಷ್ಯವನ್ನು ಊಹಿಸಿದ್ದರು. ಒಟ್ಟಾರೆ ಊಹೆ ವಾಸ್ತವದ ಐದು ಪಟ್ಟಿಗೂ ಮಿಗಿಲಾಗಿತ್ತು. ಇನ್ನೂ ಯೋಚಿಸಬೇಕಾದ ವಿಷಯವೆಂದರೆ, ವೈದ್ಯನಿಗೂ ರೋಗಿಗೂ ಪರಿಚಯ ಹಳೆಯದಾದಷ್ಟೂ ಊಹೆ ಹೆಚ್ಚು ತಪ್ಪಾಗುತ್ತಿತ್ತು. ಪ್ರೀತಿ ಬೆಳೆದಂತೆ ‘ಆಗಲಿ’ ಎಂಬುದು ನಮಗೇ ತಿಳಿಯದಂತೆ ‘ಆಗುತ್ತದೆ’ ಎಂದಾಗಿಬಿಡುತ್ತದೆ.

ಪದಗಳಿಂದ ಸಂಭವನೀಯತೆಯನ್ನು ಅಳೆಯುವುದರ ಅಪಾಯ ವೈದ್ಯರಿಗಷ್ಟೇ ಅಲ್ಲ. 1951ರಲ್ಲಿ ಅಮೆರಿಕದ ಗುಪ್ತಚರ ಇಲಾಖೆಯ ವರದಿಯೊಂದು, ಯುಗೋಸ್ಲಾವಿಯಾದ ಮೇಲೆ ಆಕ್ರಮಣ ನಡೆಯುವ ‘ಗಂಭೀರ ಸಾಧ್ಯತೆ’ ಇದೆ ಎಂದಿತು. ಅದರ ಹೊಣೆ ಹೊತ್ತಿದ್ದ ಷರ್ಮನ್ ಕೆಂಟ್ ತಮ್ಮ ಸಹೋದ್ಯೋಗಿಗಳನ್ನು ‘ಆ ಪದಗಳಿಂದ ನೀವು ನೂರಕ್ಕೆ ಎಷ್ಟು ಎಂದುಕೊಂಡಿದ್ದಿರಿ?’ ಎಂದು ವಿಚಾರಿಸಿದಾಗ, ಒಂದೇ ವಾಕ್ಯಕ್ಕೆ ಸಹಿ ಹಾಕಿದವರಲ್ಲಿಯೇ ನೂರಕ್ಕೆ 20ರಿಂದ 80ರವರೆಗೆ ಉತ್ತರಗಳು ಬಂದವು. ಕೆಂಟ್ ಈ ವೃತ್ತಾಂತವನ್ನು 1964ರಲ್ಲಿ ಬರೆದರು. ಔಷಧಿಗಳ ದುಷ್ಪರಿಣಾಮಗಳ ವಿಷಯದಲ್ಲಿ ಐರೋಪ್ಯ ರಾಷ್ಟ್ರಗಳು ಈ ಗೊಂದಲಕ್ಕೆ ಒಂದು ಪರಿಹಾರ ಮಾಡಿಕೊಂಡಿವೆ. ಅಲ್ಲಿ ಔಷಧಿಯ ಚೀಟಿಯಲ್ಲಿ ‘ಸಾಮಾನ್ಯ’ ಎಂದು ಬರೆದರೆ 100 ಜನರಲ್ಲಿ ಒಬ್ಬರಿಂದ 10 ಜನರಲ್ಲಿ ಒಬ್ಬರವರೆಗೆ. ‘ಅಪರೂಪ’ ಎಂದರೆ 10,000 ಜನರಲ್ಲಿ ಒಬ್ಬರಿಂದ 1,000 ಜನರಲ್ಲಿ ಒಬ್ಬರವರೆಗೆ ಎಂದು ನಿಗದಿಯಾಗಿದೆ. ‘ಹೋಪ್‌ಫುಲಿ’ಗೆ ಮಾತ್ರ ಯಾರೂ ಅಂಕಿ ಕೊಟ್ಟಿಲ್ಲ. ಕೊಡಲಾಗದು ಕೂಡ, ಅದು ಅಳತೆಯೋ ಹಾರೈಕೆಯೋ ಎಂಬುದೇ ತೀರ್ಮಾನವಾಗಿಲ್ಲವಲ್ಲ.

ಹಾಗಾದರೆ ಭರವಸೆಯ ಮಾತನ್ನೇ ಆಡಬಾರದೆ? ಅದು ನಮ್ಮ ಅಭಿಪ್ರಾಯವಲ್ಲ. ಜೀವವಿಕಾಸ ಶಾಸ್ತ್ರಜ್ಞ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಉದರದ ಪೊರೆಯ ವಿರಳವಾದ ಕ್ಯಾನ್ಸರ್ ಕಾಣಿಸಿಕೊಂಡಿತು. ಗ್ರಂಥಾಲಯದಲ್ಲಿ ಹುಡುಕಿದಾಗ, ಆ ರೋಗಿಗಳ ಮಧ್ಯಕ ಆಯುಷ್ಯ ಎಂಟು ತಿಂಗಳು ಎಂದು ತಿಳಿಯಿತು. ಅವರು ಎದೆಗುಂದಲಿಲ್ಲ. ಮಧ್ಯಕ ಎಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕುತ್ತಾರೆ ಎಂದರ್ಥ. ಆ ಅರ್ಧದ ಬಾಲ ಎಷ್ಟು ಉದ್ದವಿರಬಹುದು, ಅದರಲ್ಲಿ ತಾವು ಸೇರಲು ಯಾವ ಕಾರಣಗಳಿವೆ ಎಂದು ಲೆಕ್ಕ ಹಾಕಿದರು. ಈ ಕುರಿತು 1985ರಲ್ಲಿ ಒಂದು ಪ್ರಬಂಧವನ್ನೂ ಬರೆದರು. ಅವರು ತೀರಿಕೊಂಡದ್ದು 2002ರಲ್ಲಿ, ಬೇರೊಂದು ಕಾಯಿಲೆಯಿಂದ. ಅಂಕಿಯನ್ನು ಮುಚ್ಚಿಟ್ಟು ಅವರಿಗೆ ಯಾರೂ ಭರವಸೆ ಕೊಡಲಿಲ್ಲ; ಅಂಕಿಯ ಒಳಹೊಕ್ಕು ಅವರೇ ಅದನ್ನು ಪಡೆದರು. ಅಂಥ ಭರವಸೆಗೆ ಕಾಲುಗಳಿರುತ್ತವೆ.

ನಮ್ಮ ಅನುಭವದಿಂದ ತಿಳಿದುಬಂದ ಕೆಲವು ಸೂಚನೆಗಳನ್ನು ತಮ್ಮ ಮುಂದಿಡುತ್ತೇವೆ. ಇವು ವೈದ್ಯರಿಗಷ್ಟೇ ಅಲ್ಲ. ಊರಿನಿಂದ ಬಂದ ತಂದೆತಾಯಿಯರನ್ನು ಇಲ್ಲಿಯ ಆಸ್ಪತ್ರೆಗೆ ಕರೆದೊಯ್ಯುವ ಪ್ರತಿಯೊಬ್ಬ ಮಗನಿಗೂ ಮಗಳಿಗೂ ಅನ್ವಯಿಸುತ್ತವೆ.

ಮೊದಲನೆಯದು, ಭರವಸೆಗೆ ಒಡೆಯನನ್ನು ಕೊಡಿ. ವೈದ್ಯರು ‘ಹೋಪ್‌ಫುಲಿ’ ಎಂದರೆ, ‘ಡಾಕ್ಟರೇ, ಇದು ನಿಮ್ಮ ಹಾರೈಕೆಯೋ, ನಿಮ್ಮ ಅಂದಾಜೋ?’ ಎಂದು ವಿನಯದಿಂದ ಕೇಳಿ. ಉಪಶಾಮಕ ಚಿಕಿತ್ಸೆಯ ಅಮೆರಿಕನ್ ತಜ್ಞರು 2000ದ ಈಚಿನ ವರ್ಷಗಳಲ್ಲಿ ತಮ್ಮ ವೃತ್ತಿಬಾಂಧವರಿಗೆ ಹೇಳಿಕೊಡುತ್ತಿರುವುದೂ ಇದನ್ನೇ: ‘ನಾನು ಆಶಿಸುತ್ತೇನೆ’, ‘ನನಗೆ ಆತಂಕವಿದೆ’, ‘ಹೀಗಾಗದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು’ ಎಂದು ಕರ್ತೃಪದವನ್ನಿಟ್ಟು ಮಾತನಾಡುವುದು.

ಎರಡನೆಯದು, ಅನುವಾದ ಮಾಡುವಾಗ ಒಂದು ಪದಕ್ಕೆ ಒಂದು ಪದವನ್ನು ಹುಡುಕದೆ ಕನ್ನಡದ ಕ್ರಿಯಾಪದಗಳನ್ನು ಕೆಲಸಕ್ಕೆ ಹಚ್ಚಿ. ಅಂದು ಆ ತಾಯಿಗೆ ನಾವು ಹೇಳಬೇಕಾಗಿದ್ದ ಮಾತು ಇಷ್ಟೆ: ‘ಅಮ್ಮಾ, ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದಿದ್ದಾರೆ. ಪೂರ್ತಿ ಹೋಗಿರಲಿ ಅಂತ ಅವರ ಆಸೆ, ನಮ್ಮ ಆಸೆಯೂ ಅದೇ. ಹೋಗಿರಬಹುದು. ಆದರೆ ಕಣ್ಣಿಗೆ ಕಾಣದ್ದು ಸ್ವಲ್ಪ ಉಳಿದಿದ್ದೀತು. ಅದಕ್ಕೇ ಆಗಾಗ ನೋಡಿಸ್ತಾ ಇರಬೇಕು.’ ಇದನ್ನು ಹೇಳಲು ಅರ್ಧ ನಿಮಿಷ ಸಾಕಾಗಿತ್ತು. ಇದರಲ್ಲಿ ಕ್ರೌರ್ಯವಿಲ್ಲ, ಸುಳ್ಳೂ ಇಲ್ಲ. ಹಾರೈಕೆ, ಸಾಧ್ಯತೆ, ಎಚ್ಚರಿಕೆ ಮೂರೂ ತಮ್ಮ ತಮ್ಮ ಸ್ಥಾನದಲ್ಲಿವೆ. ಕನ್ನಡ ನಮ್ಮ ಕೈಬಿಟ್ಟಿರಲಿಲ್ಲ, ನಾವು ಕನ್ನಡದ ಕೈಬಿಟ್ಟೆವು.

ಮೂರನೆಯದು, ಹೇಳಿದ ಮೇಲೆ ‘ಅರ್ಥವಾಯಿತೇ?’ ಎಂದು ಕೇಳಬೇಡಿ. ನಮ್ಮ ಹಿರಿಯರು ಮರ್ಯಾದೆಗಾಗಿ ‘ಹ್ಞೂಂ’ ಎಂದೇ ಅನ್ನುತ್ತಾರೆ. ‘ಊರಿನಲ್ಲಿ ಕೇಳಿದವರಿಗೆ ನೀವು ಏನು ಹೇಳುತ್ತೀರಿ, ನನಗೆ ಹೇಳಿ ನೋಡೋಣ’ ಎಂದು ಕೇಳಿ. ಏನು ತಲುಪಿತು, ಏನು ಬಿದ್ದುಹೋಯಿತು ಎಂಬುದು ಕೂಡಲೇ ತಿಳಿಯುತ್ತದೆ.

ನಾಲ್ಕನೆಯದು, ದುಭಾಷಿಯ ಭಾರವನ್ನು ಮನೆಯ ಮಕ್ಕಳ ಮೇಲೆ ಹೊರಿಸಬೇಡಿ. 1964ರ ನಾಗರಿಕ ಹಕ್ಕುಗಳ ಕಾನೂನಿನ ಅಡಿಯಲ್ಲಿ, ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದವರಿಗೆ ಭಾಷೆಯ ನೆರವು ನೀಡಬೇಕು. ತುರ್ತು ಸಂದರ್ಭವನ್ನು ಬಿಟ್ಟರೆ ಅಪ್ರಾಪ್ತ ಮಕ್ಕಳನ್ನು ದುಭಾಷಿಗಳಾಗಿ ಬಳಸಬಾರದೆಂದು 2016ರ ನಿಯಮಾವಳಿ ಸ್ಪಷ್ಟಪಡಿಸಿತು. ದೂರವಾಣಿಯ ಮೂಲಕ ಕನ್ನಡದ ದುಭಾಷಿಗಳನ್ನು ಕೇಳಿ ಪಡೆಯುವುದು ಅನೇಕ ಕಡೆ ಸಾಧ್ಯವಿದೆ. ಸಂಕೋಚಪಡದೆ ಕೇಳಿ. ಹತ್ತು ವರ್ಷದ ಮೊಮ್ಮಗ ಅಜ್ಜಿಯ ಕಾಯಿಲೆಯ ಸುದ್ದಿಯನ್ನು ಹೊತ್ತು ತರುವ ಹಮಾಲಿಯಾಗಬಾರದು. ನಮ್ಮಂತಹ ‘ಪರಿಚಯದ ಡಾಕ್ಟರು’ಗಳನ್ನು ಕರೆದರೂ ತಪ್ಪಿಲ್ಲ, ಆದರೆ ಅವರ ಮೇಲೂ ಒಂದು ಕಣ್ಣಿರಲಿ.

ಮಕ್ಕಳಿಗೊಂದು ಮಾತು. ಇಲ್ಲಿ ಶನಿವಾರದ ಕನ್ನಡ ತರಗತಿಯಲ್ಲಿ ‘ಆಗಲಿ, ಆದೀತು, ಆಗಬಹುದು’ ಎಂದು ಬರೆಸಿದಾಗ ನಿಮಗೆ ಬೇಸರವಾಗುತ್ತದೆ, ನಮಗೂ ಆಗುತ್ತಿತ್ತು. ಆದರೆ ಒಂದು ದಿನ ನಿಮ್ಮಲ್ಲೊಬ್ಬರು ಅಜ್ಜಿಯ ಹಾಸಿಗೆಯ ಪಕ್ಕದಲ್ಲಿ ನಿಂತಿರುತ್ತೀರಿ. ಅಜ್ಜಿ ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಆಗ ನಿಮಗೆ ಬೇಕಾಗುವುದು ಹಾಡು, ನೃತ್ಯ, ನಾಟಕಗಳ ಕನ್ನಡವಲ್ಲ. ಈ ಚಿಕ್ಕ ಚಿಕ್ಕ ಬಾಲಗಳ ಕನ್ನಡ. ಅದನ್ನು ಇಂದೇ ಕಲಿತುಕೊಳ್ಳಿ.

ಮುಗಿಸುವ ಮುನ್ನ ಇನ್ನೊಂದು ವಿಷಯ. ಸಭೆಯ ಕೊನೆಯಲ್ಲಿ ನಾವೆಲ್ಲರೂ ಎದ್ದುನಿಂತು ಕೂಗುವ ಜಯಘೋಷದಲ್ಲಿ ‘ಗೆಲ್ಗೆ’ ಎಂಬ ಪದವಿದೆಯಲ್ಲ, ಅದು ಹಳಗನ್ನಡದ ವಿಧ್ಯರ್ಥಕ ರೂಪ. ‘ಗೆಲ್ಲುತ್ತದೆ’ ಎಂದು ಅದು ಹೇಳುತ್ತಿಲ್ಲ. ‘ಗೆದ್ದೀತು’ ಎಂದು ಅಂದಾಜನ್ನೂ ಮಾಡುತ್ತಿಲ್ಲ. ‘ಗೆಲ್ಲಲಿ’ ಎಂದು ಹಾರೈಸುತ್ತಿದೆ. ಹಾರೈಸುವವರು ಯಾರೆಂಬುದು ಸ್ಪಷ್ಟ, ಏಕೆಂದರೆ ಕೂಗುವ ಗಂಟಲು ನಮ್ಮದು. ಹಾರೈಕೆಯನ್ನು ಹಾರೈಕೆ ಎಂದೇ ತಿಳಿದು, ಅದು ತಾನಾಗಿ ನಿಜವಾಗುತ್ತದೆಂದು ನಂಬಿ ಕೂರದೆ, ಬೇಕಾದ ಕೆಲಸ ಮಾಡುವುದು ನಮ್ಮ ಪಾಲಿನ ಕರ್ತವ್ಯ. ಆ ತಾಯಿ ನಮಗೆ ಕಲಿಸಿದ ಪಾಠವೂ ಅದೇ.

 ಊಟ ಸಿದ್ಧವಾಗಿದೆಯೇ ಎಂದು ಕಾರ್ಯದರ್ಶಿಗಳನ್ನು ಕೇಳಿದೆವು. ‘ಹೋಪ್‌ಫುಲಿ’ ಎಂದರು. ಹೋಳಿಗೆ ಉಳಿದಿರಲಿ ಎಂಬುದು ನಮ್ಮ ಹಾರೈಕೆ.

ಸಿರಿಗನ್ನಡಂ ಗೆಲ್ಗೆ.